ಲೇಬಲ್ಲಿನಲ್ಲಿ ಉಳಿದ ಬಾಂಬೆ–1

ಮತ್ಸ್ಯಗಂಧ ರೈಲು ಠಾಣೆಯಲ್ಲಿ ನಿಂತಾಗ ಇನ್ನೂ ನಸುಕು. ಬೋಗಿಯಲ್ಲಿದ್ದ ಹೆಚ್ಚಿನವರು ಕುರ್ಲಾದ ಕೊನೆಯ ನಿಲ್ದಾಣಕ್ಕೆ ಹೋಗುವವರು. ಕುಂದಾಪುರದಲ್ಲಿ ಹತ್ತಿದ್ದ ಒಬ್ಬ ಪ್ರಯಾಣಿಕ ಮಾತ್ರ ಬಟ್ಟೆಚೀಲವೊಂದನ್ನು ಹೆಗಲಿಗೇರಿಸಿಕೊಂಡು ಅಲ್ಲೇ ಇಳಿದ. ಚೀಲದೊಳಗೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಒಂದು ಕೋಟು. ನುಸಿಗುಳಿಗೆಯ ವಾಸನೆ ರಾತ್ರಿಯಿಡೀ ಅವನ ಜೊತೆಗೇ ಬಂದಿತ್ತು.

ಕೋಟು ಅವನ ದೊಡ್ಡಪ್ಪನದು. ದೊಡ್ಡಪ್ಪ ಹದಿನೈದರ ಪ್ರಾಯಕ್ಕೆ ಬೊಂಬಾಯಿಗೆ ಬಂದು, ಫೋರ್ಟಿನ ಕ್ಯಾಂಟೀನಿನಲ್ಲಿ ಕಪ್ಪುಬಸಿ ತೊಳೆಯುತ್ತ, ಕೆಲಸ ಮುಗಿದ ಮೇಲೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕೂತು ಮೆಟ್ರಿಕ್ ಪಾಸು ಮಾಡಿದವರು. ಆ ಕಾಲದಲ್ಲಿ ಕರಾವಳಿಯಿಂದ ಹೋದ ಎಷ್ಟೋ ಹುಡುಗರ ಕಥೆ ಹೀಗೇ ಇದೆ. ಆಮೇಲೆ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. 1964ರಲ್ಲಿ ಮದುವೆಗೆಂದು ಊರಿಗೆ ಹೊರಟಾಗ ಫೋರ್ಟಿನ ಯಾವುದೋ ದರ್ಜಿಯ ಹತ್ತಿರ ಈ ಕೋಟು ಹೊಲಿಸಿಕೊಂಡರು. ಮದುವೆಯ ಕಪ್ಪುಬಿಳುಪು ಫೋಟೊದಲ್ಲಿ ಬಾಸಿಂಗಕ್ಕಿಂತ ಕೋಟಿನ ಭುಜವೇ ಎದ್ದು ಕಾಣುತ್ತದೆ.

ಈಗ ಅವರ ಮೊಮ್ಮಗನ ಮದುವೆ. ಪವಾಯಿಯಲ್ಲಿ ನೌಕರಿಯಲ್ಲಿರುವ ಹುಡುಗನಿಗೆ ಅಜ್ಜನ ಕೋಟನ್ನೇ ಹಾಕಿಕೊಳ್ಳಬೇಕೆಂಬ ಆಸೆ, ಆದರೆ ಎದೆಯಲ್ಲಿ ಎರಡಿಂಚು ಸಾಲದು. ಊರಿನ ಟೈಲರ್ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ ಕೈ ಜೋಡಿಸಿದರು. "ಇದ್ ಬೊಂಬಾಯಿ ಹೊಲ್ಗಿ ಮಾರಾಯ್ರೆ, ಬಿಚ್ಚಿರೆ ತಿರ್ಗಿ ಕೂಡ್ಸುಕೆ ನನ್ನತ್ರ ಎಡಿಯ." ಹೊಲಿದ ಅಂಗಡಿಗೇ ಒಯ್ಯೋಣವೆಂದರೆ, ಒಳಜೇಬಿನ ಮೇಲಿನ ಲೇಬಲ್ಲಿನಲ್ಲಿ ಅಂಗಡಿಯ ಹೆಸರನ್ನು ನುಸಿ ತಿಂದಿತ್ತು. ಉಳಿದದ್ದು ಕೊನೆಯ ಸಾಲು ಮಾತ್ರ: ಬಾಂಬೆ–1.

ಮೊದಲು ಠಾಣೆಯಲ್ಲಿ ಇಳಿಯಲು ಕಾರಣ ದೊಡ್ಡಪ್ಪನ ಒಂದು ಮಾತು. "ರೇಮಂಡ್ ಬಟ್ಟೆ ಅದು" ಎನ್ನುವಾಗ ಅವರ ದನಿಯಲ್ಲೇ ಒಂದು ಗತ್ತು ಇರುತ್ತಿತ್ತು. ರೇಮಂಡ್ ಹುಟ್ಟಿದ್ದು ಈ ಊರಿನಲ್ಲಿ. 1900ರ ಸುಮಾರಿಗೆ ವಾಡಿಯಾ ಮನೆತನದ ಉಣ್ಣೆ ಗಿರಣಿಯಾಗಿ ಶುರುವಾಗಿ, ಸಸೂನ್ ಕಂಪನಿಯ ಕೈಸೇರಿ, 1925ರಲ್ಲಿ ರೇಮಂಡ್ ವುಲನ್ ಮಿಲ್ಸ್ ಎನಿಸಿಕೊಂಡಿತು. ಹೆಸರು ಸಸೂನ್ ಕಂಪನಿಯ ನಿರ್ದೇಶಕರಾಗಿದ್ದ ಆಲ್ಬರ್ಟ್ ರೇಮಂಡ್ ಅವರದು. 1944ರಲ್ಲಿ ಲಾಲಾ ಕೈಲಾಸಪತ್ ಸಿಂಘಾನಿಯಾ ಕೊಂಡುಕೊಂಡಾಗ ಇಲ್ಲಿ ಮುಖ್ಯವಾಗಿ ನೇಯುತ್ತಿದ್ದದ್ದು ಒರಟು ಕಂಬಳಿ ಮತ್ತು ಅಗ್ಗದ ಉಣ್ಣೆ ಬಟ್ಟೆ. ಅಲ್ಲಿಂದ ಇಪ್ಪತ್ತೇ ವರ್ಷಗಳಲ್ಲಿ ಕರಾವಳಿಯ ಒಬ್ಬ ಗುಮಾಸ್ತ ತನ್ನ ಮದುವೆಗೆ ಇದೇ ಬಟ್ಟೆ ಬೇಕೆಂದು ಹಟ ಹಿಡಿಯುವಷ್ಟು ಹೆಸರು ಮಾಡಿತು. ಪೋಖರಣ್ ರಸ್ತೆಯಲ್ಲಿ ಈಗ ಗಿರಣಿಯ ಸದ್ದಿಲ್ಲ. 2009ರ ಹೊತ್ತಿಗೆ ಕೆಲಸ ನಿಂತು, ಆ ನೆಲದಲ್ಲಿ ಅದೇ ಕಂಪನಿಯ ವಸತಿ ಗೋಪುರಗಳು ಎದ್ದಿವೆ. ಪ್ರಯಾಣಿಕ ಕತ್ತೆತ್ತಿ ಮಹಡಿ ಎಣಿಸಲು ಹೋಗಿ, ಅರ್ಧಕ್ಕೇ ಬಿಟ್ಟು, ಚಹಾ ಕುಡಿದು ಲೋಕಲ್ ಹಿಡಿದ.

ಠಾಣೆಯಿಂದ ದಕ್ಷಿಣಕ್ಕೆ ಓಡುವ ಈ ಹಳಿಗಳು ದೇಶದ ಮೊದಲ ಪ್ರಯಾಣಿಕರ ರೈಲಿನ ದಾರಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಗಾಡಿ ಬಂತು. ಮರುವರ್ಷವೇ ಕವಾಸ್‌ಜಿ ನಾನಾಭಾಯ್ ದಾವರ್ ನಗರದ ಮೊದಲ ಹತ್ತಿ ಗಿರಣಿಗೆ ಕೈಹಾಕಿದರು. ರೈಲು, ಹತ್ತಿ, ಬಂದರು ಕೂಡಿದ ಕಡೆ ಬಟ್ಟೆ ರಾಶಿ ಬೀಳುತ್ತದೆ. ಬಟ್ಟೆ ಇದ್ದಲ್ಲಿಗೆ ಕತ್ತರಿ ಹಿಡಿದವರು ಬರುತ್ತಾರೆ. ಗುಜರಾತಿನ ದರ್ಜಿಗಳು, ಗೋವಾದ ಕ್ರೈಸ್ತ ದರ್ಜಿಗಳು, ಉತ್ತರದ ಇದ್ರೀಸಿಗಳು, ದಖ್ಖನಿನ ಶಿಂಪಿಗಳು ಹೀಗೆ ಮುಂಬಯಿಗೆ ಬಂದರು. ಗಿರಣಿಗಳ ಇತಿಹಾಸ ಬರೆದವರು ಬಹಳ ಮಂದಿ. ಆ ಬಟ್ಟೆಯನ್ನು ಮೈಗೆ ಕೂರಿಸಿದವರ ಇತಿಹಾಸ ಮಾತ್ರ ಅವರವರ ಅಂಗಡಿಯ ಅಳತೆ ಪುಸ್ತಕದಲ್ಲೇ ಉಳಿದುಹೋಯಿತು.

ದಾದರಿನಲ್ಲಿ ಇಳಿದು ಪೂರ್ವಕ್ಕೆ ಹೋದರೆ ಹಿಂದೂ ಕಾಲೊನಿ. ಅಲ್ಲಿದೆ ರಾಜಗೃಹ. ಬಾಬಾಸಾಹೇಬ ಅಂಬೇಡ್ಕರ್ 1930ರ ದಶಕದಲ್ಲಿ ತಮ್ಮ ಪುಸ್ತಕಗಳಿಗಾಗಿಯೇ ಎಂಬಂತೆ ಕಟ್ಟಿಸಿದ ಮನೆ. ಗಂಡಸರ ಉಡುಪಿನ ಚರಿತ್ರೆ ಹುಡುಕಿ ಹೊರಟವರು ಈ ಮನೆಯ ಮುಂದೆ ನಿಲ್ಲದೆ ಹೋಗಬಾರದು. ಒಳ್ಳೆಯ ಬಟ್ಟೆ ತೊಡುವುದನ್ನೇ ಒಂದು ಜನಸಮುದಾಯಕ್ಕೆ ನಿಷೇಧಿಸಿದ್ದ ನಾಡು ಇದು. ಅಂತ್ಯಜರು ಸತ್ತವರ ಮೈಮೇಲಿನ ಬಟ್ಟೆ ಉಡಬೇಕೆಂದು ಬರೆದಿದ್ದ ಮನುಸ್ಮೃತಿಯನ್ನು ಅಂಬೇಡ್ಕರ್ 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟರು. ಪರೇಲಿನ ಬಿಐಟಿ ಚಾಳಿನ ಕೋಣೆಯಲ್ಲಿದ್ದಾಗಲೂ ಅಚ್ಚುಕಟ್ಟಾದ ಸೂಟಿನಲ್ಲೇ ಹೊರಗೆ ಕಾಣಿಸಿಕೊಂಡ ಆ ಮನುಷ್ಯನಿಗೆ ಕೋಟು ಶೋಕಿಯ ವಸ್ತುವಾಗಿರಲಿಲ್ಲ. ಇವತ್ತು ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ನೀಲಿ ಸೂಟಿನ ಅವರ ಪ್ರತಿಮೆ ಎದುರಾಗುತ್ತದೆ. ಹೊಲಿದ ಬಟ್ಟೆಯೊಂದು ಇಷ್ಟು ದೊಡ್ಡ ಮಾತು ಹೇಳಿದ ಇನ್ನೊಂದು ಉದಾಹರಣೆ ದೇಶದಲ್ಲಿ ಇಲ್ಲ.

ಇಲ್ಲ ಎಂದರೂ, ಅದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಘಟನೆ ಪಕ್ಕದ ಪರೇಲಿನಲ್ಲೇ ನಡೆದಿದೆ. 1921ರ ಜುಲೈ 31ರಂದು, ತಿಲಕರ ಮೊದಲ ಪುಣ್ಯತಿಥಿಯ ಮುನ್ನಾದಿನ, ಉಮರ್ ಸೋಬಾನಿಯವರ ಎಲ್ಫಿನ್‌ಸ್ಟನ್ ಗಿರಣಿಯ ಆವರಣದಲ್ಲಿ ಗಾಂಧೀಜಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಹಚ್ಚಿದರು. ವಿಲಾಯತಿ ಬಟ್ಟೆಯ ಎಷ್ಟೋ ಕೋಟುಗಳು ಅಂದು ಬೂದಿಯಾದವು. ಎರಡು ತಿಂಗಳೊಳಗೆ, ಮದುರೆಯಲ್ಲಿ, ಗಾಂಧೀಜಿ ಅಂಗಿಯನ್ನೇ ಬಿಟ್ಟರು. ಒಬ್ಬರು ಬಡವರ ಸಲುವಾಗಿ ಹೊಲಿದ ಬಟ್ಟೆ ಕಳಚಿದರು, ಇನ್ನೊಬ್ಬರು ತುಳಿತಕ್ಕೊಳಗಾದವರ ಸಲುವಾಗಿ ಅದನ್ನೇ ತೊಟ್ಟರು. ಆ ಬೆಂಕಿ ಉರಿದ ನೆಲವೂ ರಾಜಗೃಹವೂ ದಾದರ್‌–ಪರೇಲಿನ ಒಂದೆರಡು ಮೈಲಿಯೊಳಗಿವೆ.

ಲೇಬಲ್ಲಿನ ಬಾಂಬೆ–1 ಎಂದರೆ ಫೋರ್ಟ್. 1972ರ ಆಗಸ್ಟ್ 15ರಂದು ಆರಂಕಿಯ ಪಿನ್‌ಕೋಡ್ ಬರುವ ಮೊದಲು ನಗರದ ಅಂಚೆ ಭಾಗಗಳಿಗೆ ಇಂಥ ಸಂಖ್ಯೆಗಳಿದ್ದವು. ಪಿನ್‌ಕೋಡ್ ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತದ ಕವಿಯೂ ಹೌದು. ಹೊಸ ಕ್ರಮದಲ್ಲಿ ಮುಂಬಯಿಯ ಹಳೆಯ ಸಂಖ್ಯೆಗಳು ಬಾಲದಲ್ಲಿ ಹಾಗೇ ಉಳಿದುಕೊಂಡವು: ಫೋರ್ಟಿಗೆ 400001, ದಾದರಿಗೆ 400014, ಮಾಟುಂಗಾಕ್ಕೆ 400019. ಪ್ರಯಾಣಿಕನ ಕೈಯಲ್ಲಿದ್ದ ವಿಳಾಸವೆಂದರೆ ಇಷ್ಟೇ, ಒಂದು ಇಡೀ ಬಡಾವಣೆ.

ಅವನು ಕಾಲಾಘೋಡಾದಿಂದ ಶುರುಮಾಡಿದ. ಅಲ್ಲಿ ಎಸ್ಪ್ಲನೇಡ್ ಮ್ಯಾನ್ಶನ್ ಎಂಬ ಜೀರ್ಣ ಕಟ್ಟಡವಿದೆ. ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬ, ತೊಲೆಗಳನ್ನು ಹಡಗಿನಲ್ಲಿ ತಂದು 1860ರ ದಶಕದ ಕೊನೆಗೆ ಇಲ್ಲಿ ಜೋಡಿಸಿದರು. ವಾಟ್ಸನ್ ಹೋಟೆಲ್ ಎಂದು ಪ್ರಸಿದ್ಧವಾದ ಈ ಕಟ್ಟಡ ಕಟ್ಟಿಸಿದ ಜಾನ್ ವಾಟ್ಸನ್ ಮೂಲತಃ ಹೋಟೆಲಿನವರಲ್ಲ, ಬಟ್ಟೆ ವ್ಯಾಪಾರಿ. ಬಿಳಿಯ ದೊರೆಗಳಿಗೆ ಬಟ್ಟೆ ಮಾರಿ, ಹೊಲಿಸಿಕೊಟ್ಟು ಗಳಿಸಿದ ಹಣ ಈ ಕಬ್ಬಿಣವಾಯಿತು. ಮಾರ್ಕ್ ಟ್ವೇನ್ ಇಲ್ಲಿ ಉಳಿದಿದ್ದರು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲ ಬಾರಿಗೆ ತೆರೆಯ ಮೇಲೆ ಓಡಿದ್ದೂ ಇಲ್ಲೇ.

ಬಟ್ಟೆ ವ್ಯಾಪಾರಿಯ ಕಟ್ಟಡದಲ್ಲಿ ಸಿನಿಮಾ ಕಣ್ಣು ಬಿಟ್ಟಿತು ಎಂಬ ಸಂಗತಿಯನ್ನು ಈ ಊರಿನ ದರ್ಜಿಗಳು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು. ಏಕೆಂದರೆ ಮುಂದಿನ ನೂರು ವರ್ಷ ಸಿನಿಮಾ ಮತ್ತು ಸೂಜಿ ಇಲ್ಲಿ ಒಟ್ಟಿಗೇ ಬಾಳಿದವು. 1926ರಲ್ಲಿ ಶುರುವಾದ ಮಗನ್‌ಲಾಲ್ ಡ್ರೆಸ್‌ವಾಲಾ ಅಂಗಡಿ ಮೊದಲ ವಾಕ್ಚಿತ್ರ 'ಆಲಂ ಆರಾ'ಕ್ಕೂ ಉಡುಪು ಒದಗಿಸಿತು, ಅರ್ಧ ಶತಮಾನದ ನಂತರ ದೂರದರ್ಶನದ 'ರಾಮಾಯಣ'ಕ್ಕೂ ಒದಗಿಸಿತು. ಅಂದರೆ 1987ರ ಭಾನುವಾರಗಳಲ್ಲಿ ನಮ್ಮ ಹಳ್ಳಿಗಳ ಜನ ಟಿವಿಗೆ ಹೂವಿಟ್ಟು ಕೈಮುಗಿದ ರಾಮನ ಪೀತಾಂಬರವೂ ಈ ಊರಿನ ಸೂಜಿಯಿಂದ ಬಂದದ್ದು.

ಗೇಟ್‌ವೇ ಆಫ್ ಇಂಡಿಯಾದ ಕಡೆಗೆ ನಡೆಯುವಾಗ ಇನ್ನೊಂದು ಅಂಗಡಿ ನೆನಪಾಗಬೇಕು. ನಟಿ ದೀನಾ ಪಾಠಕ್ ಅವರ ಗಂಡ ಬಲದೇವ್ ಪಾಠಕ್ ಈ ಸುತ್ತಿನಲ್ಲಿ ಗಂಡಸರ ಉಡುಪಿನ ಅಂಗಡಿ ನಡೆಸುತ್ತಿದ್ದರು. ದಿಲೀಪ್ ಕುಮಾರ್, ರಾಜೇಶ್ ಖನ್ನಾ ಅವರ ಗಿರಾಕಿಗಳು. ಎಪ್ಪತ್ತರ ದಶಕದ ಹುಡುಗರನ್ನು ಹುಚ್ಚು ಹಿಡಿಸಿದ ರಾಜೇಶ್ ಖನ್ನಾರ 'ಗುರು ಕುರ್ತಾ' ಇಲ್ಲಿಂದ ಬಂದದ್ದು. ನಾಯಕನ ಚಿತ್ರಗಳು ಸೋಲತೊಡಗಿದಂತೆ ಅಂಗಡಿಯೂ ಇಳಿಮುಖವಾಗಿ ಕೊನೆಗೆ ಮುಚ್ಚಿತು. 1979ರ 'ಗೋಲ್‌ಮಾಲ್' ಚಿತ್ರದಲ್ಲಿ ಅಮೋಲ್ ಪಾಲೇಕರ್ ಗಿಡ್ಡ ಕುರ್ತಾ ಹಾಕಿಕೊಂಡು ಹೋಗಿ, ಬಟ್ಟೆ ಉಳಿತಾಯದ ಪಾಠ ಹೇಳಿ ನೌಕರಿ ಗಿಟ್ಟಿಸುತ್ತಾನಲ್ಲ, ಆ ಚಿತ್ರದಲ್ಲಿ ಅವನ ನಕಲಿ ತಾಯಿಯಾಗಿ ನಟಿಸಿದವರು ಇದೇ ದೀನಾ ಪಾಠಕ್.

'ದೀವಾರ್' (1975) ಚಿತ್ರದ ಗಂಟು ಹಾಕಿದ ನೀಲಿ ಅಂಗಿಯೂ ಅಷ್ಟೇ. ಹೊಲಿಗೆಯಲ್ಲಿ ಅಳತೆ ತಪ್ಪಿ ಅಂಗಿ ಮಂಡಿಯವರೆಗೆ ಇಳಿದಿತ್ತು, ಚಿತ್ರೀಕರಣ ನಿಲ್ಲಿಸುವಂತಿರಲಿಲ್ಲ, ಅದಕ್ಕೇ ತುದಿ ಎತ್ತಿ ಗಂಟು ಹಾಕಿದೆ ಎಂದು ಅಮಿತಾಭ್ ಬಚ್ಚನ್ ಅವರೇ ಹೇಳಿದ್ದಾರೆ. ಊರೂರ ಹುಡುಗರು ಅಳತೆ ಸರಿಯಿದ್ದ ಅಂಗಿಗೂ ಗಂಟು ಹಾಕಿಕೊಂಡು ತಿರುಗಿದರು.

ಬಾಲ್ಲಾರ್ಡ್ ಎಸ್ಟೇಟ್ ಕೊನೆಯ ಆಸೆ. 1958ರಲ್ಲಿ ರೇಮಂಡ್ ತನ್ನ ಮೊದಲ ಸ್ವಂತ ಮಳಿಗೆ 'ಕಿಂಗ್ಸ್ ಕಾರ್ನರ್' ತೆರೆದದ್ದು ಇಲ್ಲಿ. ಆರು ವರ್ಷದ ಬಳಿಕ ದೊಡ್ಡಪ್ಪ ಬಟ್ಟೆ ಕೊಂಡದ್ದು ಇಲ್ಲೇ ಇರಬಹುದೆಂದು ಪ್ರಯಾಣಿಕನ ಊಹೆ. ಆಗಿನ ಪದ್ಧತಿ ಹಾಗೆ: ಬಟ್ಟೆ ಒಂದು ಕಡೆ ಕೊಳ್ಳುವುದು, ಸೂಟಿಗೆ ಮೂರು ಮೀಟರಿನ ಮೇಲೆ ಸ್ವಲ್ಪ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ನಂಬಿಕೆಯ ದರ್ಜಿಗೆ ಕೊಡುವುದು. ಊರಿಗೆ ಬರುವ ಬೊಂಬಾಯಿಯವರ ಟ್ರಂಕಿನಲ್ಲಿ ಭಾವನಿಗೊಂದು ಪ್ಯಾಂಟ್ ಪೀಸು, ತಮ್ಮನಿಗೊಂದು ಟೆರಿಲಿನ್ ಶರ್ಟ್ ಪೀಸು ಇದ್ದೇ ಇರುತ್ತಿತ್ತು. ಚೌತಿಯ ಮುಂಚೆ ಊರ ದರ್ಜಿಗೆ ಕೈ ತುಂಬ ಕೆಲಸ.

ಫೋರ್ಟಿನ ಓಣಿಗಳಲ್ಲಿ ಅವನು ಆರೇಳು ಅಂಗಡಿಗಳಲ್ಲಿ ಕೋಟು ಬಿಚ್ಚಿ ತೋರಿಸಿದ. ಎಲ್ಲರೂ ಮರ್ಯಾದೆಯಿಂದ ನೋಡಿದರು, ಕಾಲರಿನ ಕೆಳಗೆ ಬೆರಳಾಡಿಸಿದರು, ತಲೆಯಾಡಿಸಿದರು. ಒಬ್ಬ ಮುದುಕರು ಮಾತ್ರ, ಇಂಥ ಲೇಬಲ್ ಹಚ್ಚುತ್ತಿದ್ದ ಅಂಗಡಿಗಳಲ್ಲಿ ಅರ್ಧ ಈಗಿಲ್ಲ, ಅವರ ಪುಸ್ತಕಗಳು ರದ್ದಿಗೆ ಹೋದವು ಎಂದರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದರು, ಅವರಲ್ಲಿ ಬಹಳಷ್ಟು ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಗಿರಣಿಯ ಸಂಬಳದ ಮೇಲೆ ನಿಂತಿದ್ದ ಪೇಟೆಗೂ ಆ ಪೆಟ್ಟು ತಗಲಿತು. 1986ರಲ್ಲಿ ರೇಮಂಡ್ ತಾನೇ ಪಾರ್ಕ್ ಅವೆನ್ಯೂ ಎಂಬ ಸಿದ್ಧ ಉಡುಪು ತಂದಿತು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿ ಮಾಲ್ ಆಯಿತು. ಬಟ್ಟೆ ನೇಯುತ್ತಿದ್ದ ಗೋಡೆಗಳ ನಡುವೆ ಹೊಲಿದು ಮುಗಿದ ಬಟ್ಟೆ ನೇತಾಡತೊಡಗಿತು.

ಬರಿಗೈಯಲ್ಲಿ ಮರಳುವ ಬದಲು ಅವನು ಕಾಲಬಾದೇವಿಗೆ ಹೋದ. 1874ರಿಂದ ನಡೆದುಬಂದ ಮೂಲಜಿ ಜೇಠಾ ಮಾರುಕಟ್ಟೆಯ ಸಾಲುಗಳಲ್ಲಿ ಈಗಲೂ ಥಾನುಗಳು ಬೀಳುವ ಸದ್ದು, ಗಜಕಡ್ಡಿಯ ಟಕಟಕ. ಕೋಟಿಗೆ ಹೊಂದುವ ಬೂದುಬಣ್ಣದ ಅಸ್ತರ್ ಬಟ್ಟೆ, ಪಕ್ಕದ ಓಣಿಯಲ್ಲಿ ನಾಲ್ಕು ಕೊಂಬಿನ ಗುಂಡಿ ಕೊಂಡ. ಗುಂಡಿ ಅಂಗಡಿಯವರು ಹಳೆಯದನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲವನ್ನೂ ಬದಲಿಸುವುದು ಬೇಡ, ಎರಡು ಮಾತ್ರ ಸಾಕು ಎಂದು ಉಳಿದೆರಡನ್ನು ವಾಪಸು ಇಟ್ಟುಕೊಂಡು ಹಣ ಮರಳಿಸಿದರು.

ಸಂಜೆ ಮಾಟುಂಗಾ. ಮೈಸೂರು ಅಸೋಸಿಯೇಷನ್ 1926ರಿಂದ ಇರುವ ಊರು, 1942ರಿಂದ ಎಲೆ ಹಾಕುತ್ತಿರುವ ರಾಮನಾಯಕ್ ಅವರ ಉಡುಪಿ ಹೋಟೆಲಿನ ಊರು. ಹಳಿಯ ಆಚೆಗಿನ ಕರ್ನಾಟಕ ಸಂಘದ ಸಭಾಭವನಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ತೊಂಬತ್ತು ದಾಟಿದ ಮೇಲೂ ಕೋಟು, ಟೈ, ಮೈಸೂರು ಪೇಟದಲ್ಲಿ ಒಂದು ಸುಕ್ಕೂ ಇಲ್ಲದೆ ಕುಳಿತುಕೊಳ್ಳುತ್ತಿದ್ದ ಅವರು ನೌಕರಿ ಶುರುಮಾಡಿದ್ದು 1884ರಲ್ಲಿ ಇದೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ.

ಸಂಘದಲ್ಲಿ ವಿಚಾರಿಸಿದಾಗ ಸಿಕ್ಕ ವಿಳಾಸ ಹತ್ತಿರದ ಓಣಿಯದು. ಎಂಟಡಿ ಅಗಲದ ಅಂಗಡಿ, ಮೇಲೆ ಮರದ ಅಟ್ಟ, ಅಟ್ಟದಲ್ಲಿ ಇಬ್ಬರು ಕಾರೀಗರರು, ಕೆಳಗೆ ಕತ್ತರಿಸುವ ಮೇಜು. ಗೋಡೆಯಲ್ಲಿ ಪಂಢರಪುರದ ವಿಠೋಬ, ಪಕ್ಕದಲ್ಲಿ ಸಂತ ನಾಮದೇವ. ನಾಮದೇವರು ಶಿಂಪಿ ಕುಲದವರು. ಪಂಢರಪುರದ ಗುಡಿಯ ಮೊದಲ ಮೆಟ್ಟಿಲಿಗೆ ಇಂದಿಗೂ ಅವರದೇ ಹೆಸರು. ಕತ್ತರಿ ಹಿಡಿಯುವ ಮಾಸ್ಟರ್ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು.

"ಬರ್ರಿ, ಕೂಡ್ರಿ. ಯಾವೂರ್ರೀ ನಿಮ್ದು?"

"ಕುಂದಾಪುರ ಕಡೆ, ಮಾಸ್ಟ್ರೇ."

"ಹೌದೇನ್ರೀ. ನಮ್ದು ಚಡಚಣ ಮಗ್ಗಲ. ಸಿಂಪಿ ಲಿಂಗಣ್ಣನವರ ಊರ್ರೀ ಅದು, ಜಾನಪದದವರು. ಅವರ ಅಡ್ಡೆಸರೂ ನಮ್ದೇ ಕಸಬಿಂದು."

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು ಎಂಬುದೂ ಅವರಿಗೆ ಗೊತ್ತಿತ್ತು. ಸೂಜಿ ಹಿಡಿದವರನ್ನು ಹೆಸರು ಹಿಡಿದು ನೆನೆಯುವ ಪದ್ಧತಿ ಕನ್ನಡದಲ್ಲಿ ಹಳೆಯದು.

ಮಾಸ್ಟರ್ ಕೋಟನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿದರು. ಬ್ಲೇಡಿನ ತುದಿಯಿಂದ ಅಸ್ತರಿನ ತುರುಪು ಒಂದೊಂದಾಗಿ ಬಿಡಿಸಿದರು, ಎಳೆಯಲಿಲ್ಲ. ಒಳಗೆ ಎದೆಯ ಭಾಗದಲ್ಲಿ ಕುದುರೆಕೂದಲು ಬೆರೆತ ಕ್ಯಾನ್ವಾಸು, ಅದರ ಮೇಲೆ ಸಾಲುಸಾಲಾಗಿ ಸಣ್ಣ ಓರೆ ಟಾಕಿಗಳು. ಯಂತ್ರ ಮುಟ್ಟಿದ ಗುರುತಿಲ್ಲ. ಈಗಿನ ಬಹುಪಾಲು ಕೋಟುಗಳಲ್ಲಿ ಕ್ಯಾನ್ವಾಸನ್ನು ಗೋಂದು ಮತ್ತು ಶಾಖದಿಂದ ಅಂಟಿಸುತ್ತಾರೆ. ಕೆಲವು ಸಲ ಡ್ರೈಕ್ಲೀನ್ ಆದ ಮೇಲೆ ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ಕೈಟಾಕಿಯ ಕ್ಯಾನ್ವಾಸು ತೊಟ್ಟವನ ಎದೆಯ ಉಬ್ಬಿಗೆ ವರ್ಷಗಳ ಕಾಲ ಬಗ್ಗುತ್ತ ಹೋಗುತ್ತದೆ. "ನೋಡ್ರಿ, ಎಡಗಡೆ ಭುಜ ಒಂದ್ ಎಳಿ ಕೆಳಗ ಐತಿ. ಅವರ ಭುಜ ಹಂಗ ಇತ್ತೇನು?" ಎಂದರು ಮಾಸ್ಟರ್. ಪ್ರಯಾಣಿಕ ಒಂದು ಗಳಿಗೆ ಸುಮ್ಮನಾದ. ಕ್ಯಾಂಟೀನಿನ ದಿನಗಳಲ್ಲಿ ಎಡಗೈಯಲ್ಲಿ ಟ್ರೇ ಹೊತ್ತು ವರ್ಷಗಟ್ಟಲೆ ಓಡಾಡಿದ ದೊಡ್ಡಪ್ಪ ಕೊನೆಯವರೆಗೂ ಸ್ವಲ್ಪ ಎಡಕ್ಕೆ ವಾಲಿಯೇ ನಡೆಯುತ್ತಿದ್ದರು. ಮನೆಯವರು ಯಾರೂ ಮಾತಾಡದ ಆ ಸಂಗತಿಯನ್ನು ಹೆಸರಿಲ್ಲದ ಒಬ್ಬ ದರ್ಜಿ 1964ರಲ್ಲೇ ಗಮನಿಸಿ, ಭುಜಕ್ಕೆ ಒಂದು ಪದರ ಹತ್ತಿ ಹೆಚ್ಚು ಇಟ್ಟು, ಫೋಟೊದಲ್ಲಿ ಕಾಣದಂತೆ ಮಾಡಿದ್ದರು.

ಪಕ್ಕದ ಎರಡು ಹೊಲಿಗೆ, ಬೆನ್ನಿನ ನಡುಹೊಲಿಗೆ, ತೋಳಿನ ತುದಿ: ಎಲ್ಲ ಕಡೆಯೂ ಒಳಗೆ ಬಟ್ಟೆ ಧಾರಾಳ ಬಿಟ್ಟಿತ್ತು. ಗಿರಾಕಿ ಮೈ ಬಿಡುತ್ತಾನೆ, ಮಗನಿಗೂ ಬೇಕಾಗುತ್ತದೆ ಎಂದು ಬಿಡುವ ಬಟ್ಟೆ ಅದು. ಕಾರ್ಖಾನೆಯ ಲೆಕ್ಕದಲ್ಲಿ ಅಷ್ಟು ಬಟ್ಟೆ ನಷ್ಟ. ಹೊಲಿಗೆ ಬಿಚ್ಚಿದಾಗ ಒಳಗಿದ್ದ ಬಟ್ಟೆಯ ಪಟ್ಟಿ ಹೊರಗಿನದಕ್ಕಿಂತ ಕಡುನೀಲಿಯಾಗಿತ್ತು. ಬಿಸಿಲು ಕಾಣದ 1964ರ ಬಣ್ಣ. ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿದರೂ ಆ ಗೆರೆ ಪೂರ್ತಿ ಹೋಗುವುದಿಲ್ಲ ಎಂದು ಮಾಸ್ಟರ್ ಮೊದಲೇ ಹೇಳಿಬಿಟ್ಟರು.

ಪವಾಯಿಯಿಂದ ಹುಡುಗ ಬಂದ. ಮಾಸ್ಟರ್ ಟೇಪು ಹಿಡಿದು ಎದೆ, ಸೊಂಟ, ಸೀಟು, ಭುಜ, ತೋಳು ಎಂದು ಒಂದೊಂದೇ ಅಂಕಿ ಹೇಳುತ್ತ ಹೋದರು, ಸಹಾಯಕ ಉದ್ದನೆಯ ಪುಸ್ತಕದಲ್ಲಿ ಬರೆದುಕೊಂಡ. ಪುಸ್ತಕದ ಅಂಚು ಬೆರಳಿನ ಎಣ್ಣೆಗೆ ಕಪ್ಪಾಗಿತ್ತು. ತಮ್ಮ ಮಗ ಐಟಿಯಲ್ಲಿದ್ದಾನೆ, ಅಂಗಡಿಗೆ ಬರುವುದಿಲ್ಲ ಎಂದು ಮಾಸ್ಟರ್ ಹೇಳಿದರು. ಅದರಲ್ಲಿ ದುಃಖ ಅಷ್ಟಾಗಿ ಇರಲಿಲ್ಲ. ಕಾಜಾ ಹಾಕುವ ಕೈ ಮಾತ್ರ ಈಗ ಸಿಗುವುದಿಲ್ಲ ಎಂದಾಗ ದನಿ ತಗ್ಗಿತು.

ಅಸ್ತರಿನ ಕೆಳಗೆ, ಒಳಜೇಬಿನ ಬೆನ್ನಿಗೆ, ಬಿಳಿ ಬಟ್ಟೆಯ ಒಂದು ತುಣುಕು ಹೊಲಿದಿತ್ತು. ಶಾಯಿಯಲ್ಲಿ ಬರೆದ ಆರ್ಡರ್ ಸಂಖ್ಯೆ. ಅಂಕಿಗಳು ಇನ್ನೂ ಓದಲು ಬರುತ್ತಿದ್ದವು. ಆ ಸಂಖ್ಯೆ ಯಾವ ಪುಸ್ತಕದ ಯಾವ ಪುಟಕ್ಕೆ ಸೇರಿದ್ದೋ, ಆ ಪುಸ್ತಕವೇ ಇಲ್ಲ. ಮಾಸ್ಟರ್ ತುಣುಕನ್ನು ಕಿತ್ತುಹಾಕಲಿಲ್ಲ. ಹೊಸ ಅಸ್ತರಿನ ಕೆಳಗೆ ಅದನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ತಮ್ಮದೊಂದು ತುಣುಕು ಟಾಕಿದರು.

ಕೋಟಿಗೆ ಹನ್ನೆರಡು ದಿನ, ಎರಡು ಟ್ರಯಲ್ ಹಿಡಿಯಿತು. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಅಪ್ಪನದೋ ಅಜ್ಜನದೋ ಇಂಥದೊಂದು ಬೊಂಬಾಯಿ ಕೋಟು ಇದ್ದರೆ, ಈ ವಾರವೇ ಹೊರತೆಗೆದು ಲೇಬಲ್ಲಿನಲ್ಲಿರುವ ಅಂಗಡಿಯ ಹೆಸರು, ಓಣಿ, ಸಂಖ್ಯೆ ಒಂದು ಕಾಗದದಲ್ಲಿ ಬರೆದಿಡಿ. ಮುಂಬಯಿಯ ಕನ್ನಡ ಸಂಘಗಳಲ್ಲಿ ಯಾರಾದರೂ ಮನಸ್ಸು ಮಾಡಿ ಇವನ್ನು ಒಟ್ಟುಗೂಡಿಸಲಿ. ಇನ್ನೂ ಬಾಗಿಲು ತೆರೆದಿರುವ ದರ್ಜಿ ಅಂಗಡಿಗಳಿಗೆ ಹೋಗಿ, ಅಳತೆ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ, ನಮಗೆ ಕೊಡಿ ಎಂದು ಕೇಳಲಿ.